ಹೆಸರು ಹಾಕಿದರೆ ಏನು ನಷ್ಟ?

ಓದುಗರ ಪತ್ರ: ಹಳೆಯ ಹಾಡುಗಳಿಗೆ, ಟಿವಿ ಧಾರಾವಾಹಿಗಳ ಶೀರ್ಷಿಕೆ ಸಂಗೀತಕ್ಕೆ ವಾದ್ಯ ನುಡಿಸಿದವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಸ್ವಲ್ಪ ಅತಿಯಾಯಿತು. ರಾಗ ಹಾಕಿದವರು ಸಂಗೀತ ನಿರ್ದೇಶಕರು, ಹಾಡಿದವರು ಗಾಯಕರು. ಉಳಿದವರು ಹೇಳಿದ್ದನ್ನು ನುಡಿಸಿ, ದುಡ್ಡು ತಗೊಂಡು ಮನೆಗೆ ಹೋದವರು. ಮನೆ ಕಟ್ಟಿದ ಗಾರೆಯವನ ಹೆಸರನ್ನು ಯಾರಾದರೂ ಗೋಡೆ ಮೇಲೆ ಬರೆಸುತ್ತಾರಾ? ಈಗಂತೂ ಒಂದು ಕೀಬೋರ್ಡ್ ಇದ್ದರೆ ಎಲ್ಲಾ ಆಗುತ್ತೆ. ಈ ಕೊರಗು ಬಿಟ್ಟು ರಾಮನವಮಿ ಕಚೇರಿಗಳ ಬಗ್ಗೆ ಬರೆಯಬಾರದೇ?
— ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು (ಹೆಸರು ಹಾಕಬೇಡಿ ಎಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಸ್ವಾಮಿ, ಹೆಸರು ಬೇಡ ಅಂದಿರಿ, ಬಿಟ್ಟಿದ್ದೇವೆ. ಬೇಡ ಅನ್ನುವ ಹಕ್ಕು ನಿಮಗಿದೆ. ಬೇಕು ಅನ್ನಲೂ ಅವಕಾಶ ಸಿಗದವರ ಬಗ್ಗೆ ನಾವು ಬರೆದದ್ದು.

ನಿಮ್ಮ ಮಾತಿನಲ್ಲಿ ನಿಜ ಇಲ್ಲ ಅನ್ನುವುದಿಲ್ಲ. ರಾಗ ಹುಟ್ಟುವುದು ಸಂಗೀತ ನಿರ್ದೇಶಕರ ತಲೆಯಲ್ಲಿ. ಹಾಡು ಕೆಟ್ಟರೆ ಬೈಸಿಕೊಳ್ಳುವವರೂ ಅವರೇ. ಇಪ್ಪತ್ತು ಮೂವತ್ತು ಜನ ಪಿಟೀಲಿನವರ ಹೆಸರನ್ನು ಒಂದು ನಿಮಿಷದ ಟೈಟಲ್‌ನಲ್ಲಿ ತುರುಕುವುದು ಕಷ್ಟ ಅನ್ನುವುದೂ ಗೊತ್ತು. ಇಷ್ಟು ಒಪ್ಪಿದೆ. ಇನ್ನು ಜಗಳಕ್ಕೆ ಬರೋಣ.

ಗಾರೆಯವನ ಹೆಸರು ಯಾರು ಬರೆಸುತ್ತಾರೆ ಎಂದಿರಿ. ಬೇಲೂರಿಗೆ ಹೋಗಿದ್ದೀರಿ ಅಲ್ವಾ? ಮದನಿಕೆಯರನ್ನು ಕತ್ತೆತ್ತಿ ನೋಡಿ, ಗೈಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದಿರುತ್ತೀರಿ. ಆ ಶಿಲ್ಪಗಳ ಮೇಲೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ಒಂದು ಕಡೆಯಲ್ಲ, ಮತ್ತೆ ಮತ್ತೆ ಸಿಗುತ್ತದೆ. ಬೇಲೂರಿನ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ. ದುಡ್ಡು ಅವನದು, ಹುಕುಂ ಅವನದು. ಕೆತ್ತಿದವರೂ ಕೂಲಿ ತಗೊಂಡೇ ಕೆಲಸ ಮಾಡಿರಬೇಕು. ಆದರೂ ಉಳಿ ಹಿಡಿದವನು ತನ್ನ ಹೆಸರು ಕೆತ್ತಿಕೊಂಡ. 12ನೇ ಶತಮಾನದ ದೊರೆಗೆ ಅದರಿಂದ ಮಾನ ಹೋಗಲಿಲ್ಲ. 20ನೇ ಶತಮಾನದ ಕ್ಯಾಸೆಟ್ ಕಂಪನಿಗಳಿಗೆ ಹೋಗಿಬಿಡುತ್ತಿತ್ತಾ?

ರಾಮನವಮಿ ಕಚೇರಿಗಳ ಬಗ್ಗೆ ಬರೆಯಿರಿ ಎಂದಿರಲ್ಲ, ನನಗೆ ಅಲ್ಲೇ ನಗು ಬಂತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳ ಪಟ್ಟಿ ಕೈಗೆ ಬಂದರೆ ಮೊದಲು ಏನು ನೋಡುತ್ತೀರಿ? ಹಾಡುವವರು ಯಾರು ಅಂತ. ಆಮೇಲೆ? ಪಿಟೀಲು ಯಾರು, ಮೃದಂಗ ಯಾರು, ಘಟವೋ ಮೋರ್ಸಿಂಗೋ. ಪಿಟೀಲಿನವರು ಕೊನೇ ಗಳಿಗೆಯಲ್ಲಿ ಬದಲಾದರೆ ಪಕ್ಕದವರ ಹತ್ತಿರ ಗೊಣಗುತ್ತೀರಿ. ಎಷ್ಟೇ ಚಿಕ್ಕ ಸಭೆಯಾಗಲಿ, ಒಂದೇ ಬಣ್ಣದಲ್ಲಿ ಅಚ್ಚಾದ ಕರಪತ್ರವಾಗಲಿ, ಪಕ್ಕವಾದ್ಯದವರ ಹೆಸರಿಲ್ಲದೆ ಹೊರಗೆ ಬರುವುದಿಲ್ಲ. (ತನಿ ಆವರ್ತನ, ಅಂದರೆ ಮೃದಂಗ, ಘಟದವರದ್ದೇ ಸರದಿ, ಶುರುವಾದ ಕೂಡಲೇ ಕಾಫಿಗೆ ಏಳುವವರು ಇದ್ದಾರೆ. ಅದು ಬೇರೆ ಜಗಳ, ಇನ್ನೊಂದು ಸಲ ಆಡೋಣ.)

ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಚೌಡಯ್ಯ ಸ್ಮಾರಕ ಭವನವನ್ನೇ ನೋಡಿ. 1980ರಲ್ಲಿ ಎದ್ದ ಕಟ್ಟಡ, ಪಿಟೀಲಿನ ಆಕಾರದ್ದು. ಇಡೀ ಒಂದು ಸಭಾಂಗಣವನ್ನು ವಾದ್ಯದ ರೂಪದಲ್ಲಿ ಕಟ್ಟಿ ಅದನ್ನು ನುಡಿಸಿದವರ ಹೆಸರು ಇಟ್ಟ ಊರು ನಮ್ಮದು. ಟಿ. ಚೌಡಯ್ಯನವರು ಸೋಲೋ ನುಡಿಸಲಿಲ್ಲ ಅಂತಲ್ಲ, ಆದರೆ ಅವರು ಬಹುಕಾಲ ಕೂತದ್ದು ದೊಡ್ಡ ದೊಡ್ಡ ಹಾಡುಗಾರರ ಪಕ್ಕದಲ್ಲಿ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದವರು. 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 'ಹೇಳಿದ್ದನ್ನು ನುಡಿಸಿ ಮನೆಗೆ ಹೋದವರು' ಎಂದು ಯಾರೂ ಅನ್ನಲಿಲ್ಲ.

ಅಂದರೆ ಇದು ನಮ್ಮ ಪದ್ಧತಿಯೇ ಆಗಿತ್ತು. ಕೈಬಿಟ್ಟದ್ದು ರೆಕಾರ್ಡಿಂಗ್ ವ್ಯಾಪಾರ. ಬೆಳಿಗ್ಗೆ ಸ್ಟುಡಿಯೊದಲ್ಲಿ ಸಿನಿಮಾ ಹಾಡಿಗೆ ನುಡಿಸಿದವರೇ ಸಂಜೆ ಕಚೇರಿಯಲ್ಲಿ ಕೂರುತ್ತಿದ್ದರು. ಸಂಜೆಗೆ ಹೆಸರು ಉಂಟು, ಬೆಳಿಗ್ಗೆಗೆ ಇಲ್ಲ. ಕೈ ಅದೇ, ವಾದ್ಯ ಅದೇ.

ಕನ್ನಡ ಸಿನಿಮಾ ಹಾಡುಗಳು ಬಹುಕಾಲ ರೆಕಾರ್ಡ್ ಆಗುತ್ತಿದ್ದದ್ದು ಮದ್ರಾಸಿನಲ್ಲಿ. ಆಗ ಈಗಿನ ಹಾಗೆ ಒಬ್ಬೊಬ್ಬರೇ ಬಂದು ತಮ್ಮ ಟ್ರ್ಯಾಕ್ ಕೊಟ್ಟು ಹೋಗುವುದು ಇರಲಿಲ್ಲ. ಹಾಡುವವರು, ನುಡಿಸುವವರು ಎಲ್ಲರೂ ಒಟ್ಟಿಗೆ ಕೂತು ಒಂದೇ ಟೇಕ್‌ನಲ್ಲಿ ಮುಗಿಸಬೇಕು. ಡೋಲಕ್‌ನವರು ಚರಣದ ಕೊನೆಯಲ್ಲಿ ಒಂದು ಪೆಟ್ಟು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ. ಹಾಗೆ ನುಡಿಸಿದವರಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರೊಬ್ಬರಿದ್ದರು. ಗಿಟಾರ್ ಹಿಡಿಯುತ್ತಿದ್ದರು, ಕೀಬೋರ್ಡ್ ನುಡಿಸುತ್ತಿದ್ದರು, ನೋಟ್ಸ್ ಬರೆಯುತ್ತಿದ್ದರು. ಸುಮಾರು ಇನ್ನೂರು ಚಿತ್ರಗಳಿಗೆ ಹೀಗೆ ಕೆಲಸ ಮಾಡಿದರಂತೆ, ಹೆಚ್ಚಿನವು ಕನ್ನಡದವೇ. ಅವರೇ ಇಳಯರಾಜ. 1976ರಲ್ಲಿ ಅವರು ಸ್ವತಂತ್ರವಾಗಿ ಸಂಗೀತ ಕೊಡದೆ ಹೋಗಿದ್ದರೆ, ನೀವು ಬಾತ್‌ರೂಮಿನಲ್ಲಿ ಗುನುಗುವ ಹಳೆಯ ಹಾಡುಗಳ ಗಿಟಾರ್ 'ಯಾರೋ ಮದ್ರಾಸಿನವರು' ನುಡಿಸಿದ್ದು ಅಂತಲೇ ಆಗುತ್ತಿತ್ತು. ಅವರ ಪಕ್ಕದ ಕುರ್ಚಿಯವರು ಇವತ್ತಿಗೂ 'ಯಾರೋ ಮದ್ರಾಸಿನವರೇ'.

ಅದೇ ವೆಂಕಟೇಶ್ ಅವರ 'ಸನಾದಿ ಅಪ್ಪಣ್ಣ' ಬಂದದ್ದು 1977ರಲ್ಲಿ. ತೆರೆಯ ಮೇಲೆ ರಾಜ್‌ಕುಮಾರ್ ತುಟಿಗಿಟ್ಟ ವಾದ್ಯದಿಂದ ಕೇಳುವುದು ಉಸ್ತಾದ್ ಬಿಸ್ಮಿಲ್ಲಾ ಖಾನರ ಉಸಿರು. ಅದನ್ನು ಯಾರೂ ಮುಚ್ಚಿಡಲಿಲ್ಲ, ಎಲ್ಲರೂ ಹೆಮ್ಮೆಯಿಂದ ಹೇಳಿಕೊಂಡರು, ಇವತ್ತಿಗೂ ಹೇಳುತ್ತಾರೆ. ರಾಜಣ್ಣನ ಅಭಿನಯದ ತೂಕ ಅದರಿಂದ ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಹಾಗಾದರೆ ಹೆಸರು ಹೇಳಲು ನಮಗೆ ಬಾರದೆ ಇಲ್ಲ. ಮೊದಲೇ ದೊಡ್ಡದಾದ ಹೆಸರಾದರೆ ಹೇಳುತ್ತೇವೆ, ಅಷ್ಟೇ.

ಬಾಂಬೆಯಲ್ಲೂ ಇದೇ ಕತೆ. ಅಲ್ಲಿನ ಹಿಂದಿ ಹಾಡುಗಳ ಪಿಟೀಲು, ಟ್ರಂಪೆಟ್, ಸ್ಯಾಕ್ಸೊಫೋನ್ ಸಾಲುಗಳಲ್ಲಿ ಗೋವಾದವರು ತುಂಬಿಕೊಂಡಿದ್ದರು. ಅವರಲ್ಲಿ ಆಂಥನಿ ಗೊನ್ಸಾಲ್ವೆಸ್ ಎಂಬ ಪಿಟೀಲು ಮೇಷ್ಟ್ರು ಸಂಗೀತ ನಿರ್ದೇಶಕ ಪ್ಯಾರೇಲಾಲ್‌ಗೆ ಪಾಠ ಹೇಳಿದವರು. ಶಿಷ್ಯ 1977ರ 'ಅಮರ್ ಅಕ್ಬರ್ ಆಂಥನಿ' ಚಿತ್ರದ ಒಂದು ಹಾಡಿನಲ್ಲಿ ಗುರುವಿನ ಹೆಸರು ತಂದರು. ಅಮಿತಾಭ್ ಮೊಟ್ಟೆಯೊಳಗಿಂದ ಎದ್ದು ಬಂದು ಕುಣಿಯುವ ಹಾಡು, ನಿಮಗೂ ಬಾಯಿಪಾಠ ಇರುತ್ತದೆ. ಅಷ್ಟು ಹಾಡುಗಳಲ್ಲಿ ನುಡಿಸಿದ ಮನುಷ್ಯನ ಹೆಸರು ಊರಿಗೆಲ್ಲ ತಿಳಿದದ್ದು ಒಂದು ತಮಾಷೆ ಹಾಡಿನ ಪಾತ್ರವಾಗಿ.

ಇನ್ನು 'ದುಡ್ಡು ತಗೊಂಡರಲ್ಲ' ಅನ್ನುವ ಮಾತು. ತೊಂಬತ್ತರ ದಶಕದಲ್ಲಿ ಇದೇ ಬೆಂಗಳೂರಿನಲ್ಲಿ ಒಂದು ಧಾರಾವಾಹಿಯ ಶೀರ್ಷಿಕೆ ಸಂಗೀತದ ರೆಕಾರ್ಡಿಂಗ್ ನೋಡಲು ಹೋಗಿದ್ದೆ. ಕೊಳಲಿನವರು ಬಟ್ಟೆಯ ಚೀಲ ಬಿಚ್ಚಿ, ಶ್ರುತಿಗೆ ಒಂದರಂತೆ ಕೊಳಲುಗಳನ್ನು ಕುರ್ಚಿಯ ಮೇಲೆ ಸಾಲಾಗಿ ಜೋಡಿಸಿಕೊಂಡರು. ಎದುರಿಗೆ ಒಂದು ಹಾಳೆ, ಅದರಲ್ಲಿ ಎರಡು ಸಾಲು ಸ್ವರ. ಬರೆದ ಹಾಗೇ ನುಡಿಸಿದರು. "ಸಪ್ಪೆ ಆಯ್ತು ಸಾರ್, ನೀವೇ ಏನಾದ್ರೂ ಮಾಡಿ" ಎಂದು ಸಂಗೀತ ನಿರ್ದೇಶಕರು ಗಾಜಿನ ಆಚೆಯಿಂದ ಹೇಳಿದರು. ಇವರು ಚಿಕ್ಕ ಕೊಳಲು ತಗೊಂಡು, ಕೊನೆಯ ಸ್ವರದಿಂದ ಒಂದು ಜಾರು ಕೊಟ್ಟು, ತಾರ ಷಡ್ಜಕ್ಕೆ ಹೋಗಿ ಅಲ್ಲೇ ನಿಂತರು. ಟೇಕ್ ಓಕೆ. ಆ ಜಾರು ಹಾಳೆಯ ಮೇಲೆ ಇರಲಿಲ್ಲ. ಆಮೇಲೆ ಸಂಜೆ ಹೊತ್ತು ಜನ ಅಡುಗೆಮನೆಯಿಂದ ಟಿವಿ ಮುಂದೆ ಓಡಿ ಬರುತ್ತಿದ್ದದ್ದು ಅದು ಕೇಳಿಸಿದ ಮೇಲೇ. ಹೊರಡುವಾಗ ಮ್ಯಾನೇಜರ್ ವೋಚರಿಗೆ ಸಹಿ ಹಾಕಿಸಿಕೊಂಡರು. ಸುಮ್ನೆ ಬಗ್ಗಿ ನೋಡಿದೆ. ಬಾಬ್ತು ಎಂಬಲ್ಲಿ 'ಇತರೆ ಖರ್ಚು' ಎಂದಿತ್ತು. ಅದರ ಕೆಳಗಿನ ವೋಚರ್ ಇಡ್ಲಿ ವಡೆಯದು. ಅದಕ್ಕೆ ಹೋಟೆಲಿನ ಹೆಸರು ಬರೆದಿದ್ದರು.

ಹೇಳಿದ್ದನ್ನು ನುಡಿಸಿದವರು ಎಂದಿರಲ್ಲ, ಹೇಳದ್ದನ್ನು ನುಡಿಸಿದ್ದಕ್ಕೆ ಲೆಕ್ಕ ಎಲ್ಲಿದೆ?

ಈ ಲೆಕ್ಕ ಕೇಳಿ ಗೆದ್ದವರು ಇದ್ದಾರೆ. 1973ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಕ್ಲೇರ್ ಟೋರಿ ಎಂಬ ಗಾಯಕಿ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಒಂದು ಹಾಡಿಗೆ ಸಾಹಿತ್ಯವೇ ಇಲ್ಲದೆ ಆಲಾಪ ಮಾಡಿದರು. ಯಾರೂ ಸ್ವರ ಬರೆದುಕೊಟ್ಟಿರಲಿಲ್ಲ. ಕೈಗೆ ಬಂದದ್ದು 30 ಪೌಂಡ್, ಭಾನುವಾರದ ದರ. ಆ ಹಾಡಿದ್ದ ಆಲ್ಬಂ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. 2004ರಲ್ಲಿ ಆಕೆ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು, ಹಾಡಿನ ರಚನೆಯಲ್ಲಿ ಆಕೆಯ ಹೆಸರೂ ಸೇರಿತು.

ಟಿವಿ ಸಂಗೀತ ಬೇಕೆಂದರೆ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿ ನೋಡಿ. 1963ರಲ್ಲಿ ಅದರ ರಾಗ ಬರೆದವರು ರಾನ್ ಗ್ರೇನರ್. ಅದನ್ನು ಟೇಪಿನ ಚೂರುಗಳನ್ನು ಕತ್ತರಿಸಿ ಅಂಟಿಸಿ, ಯಂತ್ರಗಳಿಂದ ಸದ್ದು ಹುಟ್ಟಿಸಿ ಕಿವಿಗೆ ತಂದವರು ಡೆಲಿಯಾ ಡರ್ಬಿಶೈರ್. ಗ್ರೇನರ್‌ಗೆ ಎಷ್ಟು ಆಶ್ಚರ್ಯವಾಯಿತು ಎಂದರೆ, ಆಕೆಗೂ ಪಾಲು ಕೊಡಿ ಎಂದು ಅವರೇ ಹೇಳಿದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಆಕೆ ತೀರಿಕೊಂಡದ್ದು 2001ರಲ್ಲಿ. ತೆರೆಯ ಮೇಲೆ ಹೆಸರು ಬಂದದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಇಲ್ಲಿ ಗ್ರೇನರ್ ಅಂಥವರಿಗೆ ನನ್ನ ನಮಸ್ಕಾರ. ಸಂಗೀತ ನಿರ್ದೇಶಕರ ಪರ ವಾದ ಮಾಡುವ ನೀವು, ಒಬ್ಬ ಒಳ್ಳೆಯ ಸಂಗೀತ ನಿರ್ದೇಶಕ ಹೇಗಿರುತ್ತಾನೆ ಎಂದು ಅವರಲ್ಲಿ ನೋಡಬಹುದು.

ನಮ್ಮಲ್ಲಿ ಕಾನೂನೇ ಇಲ್ಲವೇ ಅಂದರೆ, ಇದೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಹಾಡುವವರಿಗೂ ನುಡಿಸುವವರಿಗೂ ರಾಯಧನದ ಹಕ್ಕು, ಹೆಸರು ಕಾಣಿಸುವ ಹಕ್ಕು ಬಂತು. ಆದರೆ ಸಿನಿಮಾಕ್ಕೆ ಅದರಲ್ಲಿ ಒಂದು ಸಣ್ಣ ಕೊಕ್ಕೆ ಇದೆ. ಒಬ್ಬರ ಪಾತ್ರ ಸಾಂದರ್ಭಿಕವಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಎಲ್ಲೂ ಹಾಕುವುದಿಲ್ಲ ಎಂದಾದರೆ, ಹೆಚ್ಚಿನ ಹಕ್ಕುಗಳ ಮಟ್ಟಿಗೆ ಅವರು ಕಲಾವಿದರೇ ಅಲ್ಲ! ಹೆಸರು ಹಾಕದಿರುವುದು ರೂಢಿ, ಆ ರೂಢಿಯನ್ನೇ ತೋರಿಸಿ ಹಕ್ಕಿಲ್ಲ ಅನ್ನಬಹುದು. ಹೆಸರು ಕೇಳುವುದು ಬರೀ ಅಭಿಮಾನದ ವಿಷಯವಲ್ಲ ಎಂದು ನಾನು ಒದರುವುದು ಇದಕ್ಕೇ. ಯುರೋಪಿನಲ್ಲಿ 2011ರಲ್ಲಿ ಧ್ವನಿಮುದ್ರಣಗಳ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿದಾಗ, ಹೆಚ್ಚಾದ ವರ್ಷಗಳ ಆದಾಯದಲ್ಲಿ ಶೇ 20ನ್ನು ಒಂದೇ ಸಲ ದುಡ್ಡು ತಗೊಂಡು ಹೋದ ವಾದ್ಯಗಾರರಿಗೆ ಎತ್ತಿಡಬೇಕು ಎಂದು ಬರೆದರು. ಎತ್ತಿಟ್ಟದ್ದನ್ನು ಹಂಚಲು ಯಾರು ನುಡಿಸಿದ್ದು ಎಂಬುದು ಗೊತ್ತಿರಬೇಕು, ಅಲ್ವಾ? ನಮ್ಮಲ್ಲಿ ನಾಳೆ ಯಾರಾದರೂ ಪುಣ್ಯಾತ್ಮರು ಹಂಚುತ್ತೇವೆ ಎಂದು ಬಂದರೂ ಪಟ್ಟಿಯೇ ಇಲ್ಲ.

ಕೀಬೋರ್ಡ್ ಇದ್ದರೆ ಸಾಕು ಎಂದಿರಿ. ಅದರೊಳಗಿನ ಶಹನಾಯಿ ಎಲ್ಲಿಂದ ಬಂತು? ಯಾರೋ ಒಬ್ಬರು ಮೈಕಿನ ಮುಂದೆ ಕೂತು ಒಂದೊಂದೇ ಸ್ವರವನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಊದಿ ಕೊಟ್ಟದ್ದು. ಆಮೇಲೆ ಅವರನ್ನು ಯಾರೂ ಕರೆಯಬೇಕಾಗಿಲ್ಲ. ಮದುವೆ ವಿಡಿಯೊಗಳಲ್ಲೆಲ್ಲ ಒಂದೇ ಶಹನಾಯಿ ಕೇಳುತ್ತದೆ ಎಂದು ನಿಮಗೆ ಅನ್ನಿಸಿದ್ದರೆ ನಿಮ್ಮ ಕಿವಿ ಚೆನ್ನಾಗಿದೆ. ನಿಮ್ಮ ಮೇಲೆ ನನಗೆ ಭರವಸೆ ಇರುವುದು ಆ ಕಿವಿಯಿಂದಲೇ.

'ಮಾಲ್ಗುಡಿ ಡೇಸ್' ಶುರುವಾಗುವ ಆ 'ತಾನಾ ನಾನಾ' ಕೇಳಿ ಆಗುಂಬೆ ನೆನಪಾಗದ ಕನ್ನಡಿಗರಿಲ್ಲ. ಆ ಸಂಗೀತ ಎಲ್. ವೈದ್ಯನಾಥನ್ ಅವರದು. ಸ್ವತಃ ಪಿಟೀಲು ವಾದಕರು. ಆಕಾಶವಾಣಿಯ ಬೆಳಗಿನ ರಾಗ ವಾಲ್ಟರ್ ಕೌಫ್‌ಮನ್ ಮಾಡಿದ್ದು, ಪಿಟೀಲು ಮೆಹ್ಲಿ ಮೆಹ್ತಾ ಅವರದು ಎನ್ನುತ್ತಾರೆ. ದೂರದರ್ಶನದ್ದಕ್ಕೆ ಪಂಡಿತ್ ರವಿಶಂಕರ್ ಜತೆ ಶಹನಾಯಿಯ ಅಲಿ ಅಹ್ಮದ್ ಹುಸೇನ್ ಖಾನ್ ಹೆಸರು ಹೇಳುತ್ತಾರೆ. ಇಷ್ಟು ಗೊತ್ತಾಗಿರುವುದು ಯಾರೋ ಹುಡುಕಿ ಬರೆದದ್ದರಿಂದ. ಈಗ ಹುಡುಕುವುದಿರಲಿ, ಕೇಳುವ ವ್ಯವಧಾನವೂ ಇಲ್ಲ. ಮೊಬೈಲಿನಲ್ಲಿ ಧಾರಾವಾಹಿ ಹಾಕಿದರೆ ಶೀರ್ಷಿಕೆ ಸಂಗೀತ ದಾಟಿಸಲು ಒಂದು ಗುಂಡಿ ಕೊಟ್ಟಿದ್ದಾರೆ. ಹಾಡಿನ ಆ್ಯಪ್‌ಗಳಲ್ಲಿ ಹೀರೋ ಫೋಟೊ ದೊಡ್ಡದು, ಕವಿಯ ಹೆಸರು ಮೂರು ಸಲ ಒತ್ತಿದರೂ ಸಿಗುವುದು ಅನುಮಾನ. ವಿವಿಧ ಭಾರತಿಯಲ್ಲಿ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ನಿಧಾನವಾಗಿ ಹೇಳಿ ಹಾಡು ಹಾಕುತ್ತಿದ್ದರು. ಅದನ್ನು ಕೇಳಿಯೇ ನಮ್ಮ ತಲೆಮಾರಿಗೆ ವಿಜಯಭಾಸ್ಕರ್ ಯಾರು, ಚಿ. ಉದಯಶಂಕರ್ ಯಾರು ಎಂದು ಗೊತ್ತಾದದ್ದು. ಎಫ್‌ಎಂನ ಮಕ್ಕಳು ಟ್ರಾಫಿಕ್ ಬಗ್ಗೆ ಜೋಕ್ ಮಾಡಿ ಸೀದಾ ಹಾಡಿಗೆ ಹಾರುತ್ತಾರೆ. ಸಿಲ್ಕ್ ಬೋರ್ಡ್ ಜಾಮ್ ಬಗ್ಗೆ ಇರುವ ಮಾಹಿತಿಯ ಕಾಲುಭಾಗ ಹಾಡಿನ ಬಗ್ಗೆ ಇದ್ದಿದ್ದರೆ ಸಾಕಿತ್ತು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಹೋಗಿ ಡಿಜೆ ಬಂದದ್ದರ ಬಗ್ಗೆ ಶುರು ಮಾಡಿದರೆ ಈ ಪುಟ ಸಾಲದು.

ನಿಮ್ಮ ಸಲಹೆಯನ್ನು ತಳ್ಳಿಹಾಕಿಲ್ಲ. ರಾಮನವಮಿ ಲೇಖನ ಬರುತ್ತದೆ, ಪಕ್ಕವಾದ್ಯದವರ ಹೆಸರು ಸಮೇತ. ಮುಂದಿನ ಸಂಚಿಕೆಯಿಂದ ನಮ್ಮ ಹಾಡು ವಿಮರ್ಶೆಗಳಲ್ಲೂ ನುಡಿಸಿದವರ ಹೆಸರು ಇರುತ್ತದೆ. ನಿರ್ಮಾಪಕರು ಕೊಡದಿದ್ದರೆ 'ಕೇಳಿದೆವು, ಕೊಡಲಿಲ್ಲ' ಎಂದು ಹಾಕುತ್ತೇವೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಬಂದಾಗಿನಿಂದ ಬೆಂಗಳೂರಿನ ಮನೆಗಳಲ್ಲಿ ಭಾವಗೀತೆ ಕ್ಯಾಸೆಟ್‌ಗಳು ತುಂಬಿದ್ದವು. ನಿಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಇಳಿಸಿ, ಒಳಗಿನ ಕಾರ್ಡ್ ಬಿಚ್ಚಿ ನೋಡಿ. ಕೆಲವದರಲ್ಲಿ ಮಡಿಕೆಯ ಒಳಗೆ ಸಣ್ಣ ಅಕ್ಷರದಲ್ಲಿ ತಬಲಾ, ಕೊಳಲು, ಪಿಟೀಲು ಎಂದು ಹೆಸರು ಅಚ್ಚಾಗಿರುತ್ತದೆ. ಸಿಕ್ಕಿದರೆ ಎರಡೂ ಬದಿಯ ಫೋಟೊ ತೆಗೆದು ಕಳಿಸಿ. ಜೆರಾಕ್ಸ್ ಬೇಡ, ಆ ಅಕ್ಷರ ಜೆರಾಕ್ಸಿನಲ್ಲಿ ಏಳುವುದಿಲ್ಲ.

— ಸಂ.