ಸಿಹಿಕಹಿ ಚಂದ್ರು ಅವರ ಹೆಸರಿಗೆ 'ಸಿಹಿಕಹಿ' ಸೇರಿದ್ದು ಹೇಗೆ, ಅವರ ವೃತ್ತಿಜೀವನ ಎಂಥದ್ದು?

ಅದು ಮನೆತನದ ಹೆಸರಲ್ಲ. ಬೆಂಗಳೂರು ದೂರದರ್ಶನದಲ್ಲಿ 1980ರ ದಶಕದಲ್ಲಿ ಪ್ರಸಾರವಾದ 'ಸಿಹಿಕಹಿ' ಧಾರಾವಾಹಿಯಲ್ಲಿ ಚಂದ್ರು ಮತ್ತು ಗೀತಾ ಜೋಡಿಯಾಗಿ ನಟಿಸಿದರು. ಮುಂದೆ ಇಬ್ಬರೂ ಮದುವೆಯಾದರು, ಧಾರಾವಾಹಿಯ ಹೆಸರು ಇಬ್ಬರ ಹೆಸರಿನ ಹಿಂದೆಯೂ ಶಾಶ್ವತವಾಗಿ ನಿಂತಿತು. ಒಂದು ಪಾತ್ರ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋಚುವುದಿಲ್ಲ.

ಅನಂತರ ಸಿನಿಮಾಗಳಲ್ಲಿ ಪೋಷಕ ಪಾತ್ರಗಳು ಬಂದವು. ಆದರೆ ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆ ಕ್ಯಾಮೆರಾದ ಹಿಂದೆ ನಿಂತು ಈಟಿವಿ ಕನ್ನಡಕ್ಕಾಗಿ ನಿರ್ದೇಶಿಸಿದ ಹಾಸ್ಯ ಧಾರಾವಾಹಿ 'ಪಾಪ ಪಾಂಡು'. ಹೆಂಡತಿ ಶ್ರೀಮತಿಯ ಏಟಿಗೆ ನಡುಗುತ್ತಲೇ ಇನ್ನೊಂದು ಎಡವಟ್ಟು ಮಾಡಿಕೊಳ್ಳುವ ಪಾಂಡುವಾಗಿ ಚಿದಾನಂದ್, ಕೈ ಎತ್ತಿದೊಡನೆ ಮನೆಮಂದಿಯೆಲ್ಲ ನಗುವಂತೆ ಮಾಡುತ್ತಿದ್ದ ಶ್ರೀಮತಿಯಾಗಿ ಶಾಲಿನಿ ಮನೆಮಾತಾದರು. ಅತ್ತು ಕರೆಯುವ ಕಥೆಗಳ ನಡುವೆ, ದಿನವೂ ಹೊಸ ಪ್ರಸಂಗ ಹೆಣೆದು ನಗಿಸುವುದು ಬಹಳ ಕಷ್ಟದ ಕೆಲಸ. ದುಃಖದ ದೃಶ್ಯವನ್ನು ನಾಲ್ಕು ದಿನ ಎಳೆಯಬಹುದು, ನಗೆಯನ್ನು ಹಾಗೆ ಎಳೆಯಲಾಗದು.

ಈಚಿನ ವರ್ಷಗಳಲ್ಲಿ ಅವರು ಸ್ಟಾರ್ ಸುವರ್ಣದ 'ಬೊಂಬಾಟ್ ಭೋಜನ'ದಲ್ಲಿ ಅಡುಗೆ ಮಾಡುತ್ತಾ ಮಾತನಾಡುತ್ತಾರೆ. ಒಗ್ಗರಣೆ ಸಿಡಿಯುವಷ್ಟರಲ್ಲಿ ಮಾತು ಮುಗಿಸುವ ಆ ಲಯ ಹಾಸ್ಯ ನಟನೆಯಿಂದಲೇ ಬಂದದ್ದೆಂದು ನಾನು ನಂಬಿದ್ದೇನೆ.