ಸ್ವಂತವಾಗಿ ಮನೆ ತಪಾಸಣೆ ಮಾಡುವವರ ದಿನ ಹೇಗಿರುತ್ತದೆ? ತಲೆನೋವು ಏನು?

ನಿಮ್ಮ ಪ್ರಶ್ನೆ ಓದಿದೆ. ಸಿವಿಲ್ ಡಿಪ್ಲೊಮಾ ಆಗಿದೆ, ಹುಬ್ಬಳ್ಳಿಯಲ್ಲಿ ಗುತ್ತಿಗೆದಾರರ ಬಳಿ ಆರು ವರ್ಷ ಸೈಟ್ ನೋಡಿಕೊಂಡಿದ್ದೀರಿ. ಈಗ ಅದನ್ನು ಬಿಟ್ಟು ಅಂಕೋಲಾಕ್ಕೆ ವಾಪಸ್ ಬಂದು, ಮನೆ ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡುವ ಕೆಲಸ ಹಿಡಿಯಬೇಕು ಎಂದಿದ್ದೀರಿ. ದಿನ ಹೇಗಿರುತ್ತದೆ, ಕಷ್ಟ ಏನು ಎಂದು ಕೇಳಿದ್ದೀರಿ. ನಾನು ಕುಮಟಾದವನು. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ ತಿರುಗುತ್ತೇನೆ, ಕರೆದರೆ ದೇವಿಮನೆ ಘಾಟಿ ಹತ್ತಿ ಶಿರಸಿಗೂ ಹೋಗುತ್ತೇನೆ.

ಮೊದಲ ತಲೆನೋವು ಗೇಟಿನಲ್ಲೇ ಶುರುವಾಗುತ್ತದೆ. ಈ ಕೆಲಸಕ್ಕೆ ನಮ್ಮ ಕಡೆ ಹೆಸರೇ ಇಲ್ಲ. "ಯಾರು ಬಂದದ್ದು?" ಎಂದು ಕೇಳಿದರೆ ಏನು ಹೇಳುವುದು? ಇನ್‌ಸ್ಪೆಕ್ಟರ್ ಎಂದರೆ ಗಾಬರಿಯಾಗುತ್ತಾರೆ. ಎಂಜಿನಿಯರ್ ಎಂದರೆ "ಹಿತ್ತಲಲ್ಲಿ ಎರಡು ರೂಮ್ ತೆಗೆಯಬೇಕು, ಒಂದು ಪ್ಲಾನ್ ಮಾಡಿಕೊಡ್ತೀರಾ?" ಎನ್ನುತ್ತಾರೆ. ಒಬ್ಬರು ಹೆಸ್ಕಾಂನವನು ಎಂದುಕೊಂಡು ಸೀದಾ ಮೀಟರ್ ಬೋರ್ಡ್ ಹತ್ತಿರ ಕರೆದುಕೊಂಡು ಹೋದರು. ಇನ್ನು ಕೊಳ್ಳುವವರಲ್ಲಿ ಅರ್ಧ ಜನ ಕೇಳುವುದು ವಾಸ್ತು. "ಈಶಾನ್ಯದಲ್ಲಿ ಬಚ್ಚಲು ಇದೆಯಲ್ಲ, ಪರವಾಗಿಲ್ವಾ?" ದಿಕ್ಕು ನನಗೆ ಗೊತ್ತಿಲ್ಲ, ಬಚ್ಚಲಿನ ಇಳಿಜಾರು ಗೊತ್ತು ಎನ್ನುತ್ತೇನೆ. ಅವರಿಗೆ ಸಮಾಧಾನ ಆಗುವುದಿಲ್ಲ.

ಉಳಿದರ್ಧ ಜನ ಜಾಗದ ಕಾಗದಪತ್ರವನ್ನೂ ನಾನೇ ನೋಡುತ್ತೇನೆ ಎಂದುಕೊಂಡಿರುತ್ತಾರೆ. ಇ-ಖಾತಾ, ಇಸಿ (ಜಾಗದ ಮೇಲೆ ಋಣಭಾರ ಇದೆಯಾ ಎಂದು ತೋರಿಸುವ ಪತ್ರ), ಸಮುದ್ರದ ಹತ್ತಿರವಾದರೆ ಸಿಆರ್‌ಝಡ್ ಎಂಬ ಕಡಲತೀರದ ಕಟ್ಟಡ ನಿಯಮ, ಇವೆಲ್ಲ ವಕೀಲರ ಕೆಲಸ. "ಬ್ಯಾಂಕಿನವರು ನೋಡಿ ಹೋಗಿದ್ದಾರಲ್ಲ" ಎನ್ನುವವರೂ ಇದ್ದಾರೆ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲಕ್ಕೆ ಆ ಮನೆ ಸಾಕಾ ಎಂದು. ಮಳೆಗಾಲದಲ್ಲಿ ನಿಮ್ಮ ಹಾಸಿಗೆ ಎಲ್ಲಿ ಒದ್ದೆಯಾಗುತ್ತದೆ ಎಂದು ಅವರು ಯಾಕೆ ನೋಡುತ್ತಾರೆ?

ದಿನ ಹೇಗೆ ಎಂದರೆ, ಬೆಳಿಗ್ಗೆ ಬೈಕ್, ಬೆನ್ನಿಗೆ ಚೀಲ. ಚೀಲದಲ್ಲಿ ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಸಾಕೆಟ್ ಟೆಸ್ಟರ್, ಲೆವೆಲ್ ಪೈಪ್, ಕೈಗನ್ನಡಿ, ಮಕ್ಕಳು ಆಡುವ ಒಂದು ಗೋಲಿ. ಬಚ್ಚಲ ನೆಲದ ಮೇಲೆ ಗೋಲಿ ಬಿಟ್ಟರೆ ನೀರು ಎತ್ತ ಹೋಗುತ್ತದೆ ಎಂದು ಅದೇ ಹೇಳುತ್ತದೆ. ಒಂದು ಮನೆಗೆ ಮೂರು ತಾಸು. ಸಂಜೆ ಕುಳಿತು ವರದಿ ಬರೆಯಲು ಇನ್ನೂ ಮೂರು ತಾಸು. ನಡುವೆ ಮಾಲೀಕರು ಕೀಲಿ ತರಲು ಒಂದು ತಾಸು.

ತೇವ ಅಳೆಯುವ ಮೀಟರ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ನಾನು ಮೊದಲ ವರ್ಷವೇ ಕೊಂಡೆ. ಎರಡು ಮುಳ್ಳು ಗೋಡೆಗೆ ಒತ್ತಿದರೆ ಅಂಕಿ ತೋರಿಸುತ್ತದೆ. ಶಿರಸಿಯಲ್ಲಿ ಸರಿಯಾಗಿ ಕೆಲಸ ಮಾಡಿತು. ಕಾರವಾರದ ಕಡಲ ಬದಿಯ ಮನೆಗೆ ಹೋದರೆ ಯಾವ ಗೋಡೆಗೆ ಒತ್ತಿದರೂ ಕೂಗುತ್ತಿತ್ತು. ಎಲ್ಲ ಗೋಡೆಯೂ ಒದ್ದೆ ಎಂದು ಬರೆದು ಮರ್ಯಾದೆ ಕಳೆದುಕೊಂಡೆ. ಆಮೇಲೆ ಗೊತ್ತಾಯಿತು, ಆ ಮೀಟರ್ ಅಳೆಯುವುದು ಗೋಡೆಯಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು. ಗಾರೆಯಲ್ಲಿ ಉಪ್ಪು ಇದ್ದರೆ ಅದೂ ಸೇರಿ ಅಂಕಿ ಮೇಲೇರುತ್ತದೆ. ಈಗ ಮೀಟರ್ ಇಟ್ಟುಕೊಂಡಿದ್ದೇನೆ, ಆದರೆ ಒಂದು ಗೋಡೆಗೂ ಇನ್ನೊಂದಕ್ಕೂ ಹೋಲಿಸಲು ಮಾತ್ರ. ಉಳಿದದ್ದು ಅಂಗೈ ಮತ್ತು ಮೂಗು. ಮುಚ್ಚಿಟ್ಟ ಕಪಾಟು ತೆರೆದ ಕೂಡಲೇ ಬರುವ ವಾಸನೆ ಯಾವ ಮೀಟರಿಗೂ ಕಡಿಮೆ ಇಲ್ಲ.

ಕರಾವಳಿಯಲ್ಲಿ ಮನೆಯ ನಿಜವಾದ ಶತ್ರು ಮಳೆಗಿಂತ ಉಪ್ಪು. ಉಪ್ಪು ಗಾಳಿಯಿಂದ ಬರುತ್ತದೆ. ಅಳಿವೆಯ ಹತ್ತಿರ ತೆಗೆದ ಮರಳನ್ನು ಸಿಹಿನೀರಿನಲ್ಲಿ ತೊಳೆಯದೆ ಬಳಸಿದರೆ ಕಾಂಕ್ರೀಟಿನ ಒಳಗೇ ಬಂದು ಕೂರುತ್ತದೆ. ಒಳಗಿನ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ. ಉಬ್ಬಿದ್ದಕ್ಕೆ ಜಾಗ ಬೇಕಲ್ಲ, ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಹಾಗಾಗಿ ಬಿರುಕು ಸರಳಿನ ಗುಂಟ ನೇರ ಗೆರೆಯಾಗಿ ಬರುತ್ತದೆ. ಅಡ್ಡಾದಿಡ್ಡಿ ಬಂದ ಕೂದಲೆಳೆ ಬಿರುಕು ಬಹಳ ಸಲ ಪ್ಲಾಸ್ಟರಿನದ್ದು, ಅದಕ್ಕೆ ಹೆದರಬೇಕಿಲ್ಲ. ಜನ ಸರಿಯಾಗಿ ಉಲ್ಟಾ ಮಾಡುತ್ತಾರೆ. ಹಾಲ್‌ನ ಕೂದಲೆಳೆ ಬಿರುಕಿಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಬಾಲ್ಕನಿಯ ಅಡಿಯ ಕಂದು ಗೆರೆಗೆ ಒಂದೂ ಇಲ್ಲ. ಕಾಂಕ್ರೀಟ್ ಕೆಲಸಕ್ಕೆ ಇರುವ 2000ದ ಐಎಸ್ 456 ಸಂಹಿತೆಯನ್ನು ಒಮ್ಮೆ ತೆರೆದು ನೋಡಿ. ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಕನಿಷ್ಠ ಎಂ30 ಎಂಬ ಗಟ್ಟಿತನದ ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಬೇಕು ಎನ್ನುತ್ತದೆ. ಇಲ್ಲಿ ಕಿಟಕಿ ಮೇಲಿನ ಹಳೆಯ ಛಜ್ಜಾ ಒಡೆದಲ್ಲೆಲ್ಲ ನಾನು ಕಂಡಿದ್ದು ಬೆರಳಿನ ದಪ್ಪದಷ್ಟೂ ಇಲ್ಲ. ಆದರೆ ಒಡೆಯದೆ ಅದನ್ನು ತೋರಿಸುವುದು ಹೇಗೆ? ಮಾರುವವರ ಮನೆಗೆ ಡ್ರಿಲ್ ಹಾಕುವ ಹಕ್ಕು ನಮಗಿಲ್ಲ. ತಟ್ಟಿ, ಪೊಳ್ಳು ಸದ್ದು ಕೇಳಿ, ಬಣ್ಣದ ಕೆಳಗೆ ಏನಿರಬಹುದು ಎಂದು ಹೇಳಬೇಕು. ಹೊಸ ಬಣ್ಣ ಕಂಡರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ.

ಸ್ಲ್ಯಾಬ್ ಮೇಲೆ ತಗಡಿನ ಶೀಟು ಹೊದಿಸಿದ್ದರೆ ಎಂತಕ್ಕೆ ಎಂದು ಕೇಳಿ. ಬಟ್ಟೆ ಒಣಗಿಸಲು ಎಂದರೆ ನಂಬಿ, ಆದರೂ ಸ್ಲ್ಯಾಬ್ ಸೋರುವುದಕ್ಕೆ ಹೊದಿಸಿದ್ದಾ ಎಂದು ಮೇಲೆ ಹತ್ತಿ ನೋಡಿ. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದಾ ಎಂದು ಪಕ್ಕದ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ.

ಶಿರಸಿ ಕಡೆಯ ಹೆಂಚಿನ ಮನೆ ಬೇರೆಯೇ ಲೋಕ. ಅಟ್ಟಕ್ಕೆ ಹತ್ತಿ ಹೆಂಚು ಹೊರುವ ಮರಗಳಾದ ಪಕಾಸು, ರೀಪುಗಳನ್ನು ಒಂದೊಂದಾಗಿ ಚುಚ್ಚಿ ನೋಡಬೇಕು. ಮಂಗ ಹಾರಿದಲ್ಲಿ ಹೆಂಚು ಸರಿದಿರುತ್ತದೆ, ನೀರು ಇಳಿದಿರುತ್ತದೆ, ಅಲ್ಲಿ ಒರಲೆ (ಗೆದ್ದಲು) ಬಂದಿರುತ್ತದೆ. ಎರಡು ಸಲ ಅಟ್ಟದಲ್ಲಿ ಹಾವು ಸಿಕ್ಕಿದೆ. ವರದಿಯಲ್ಲಿ ಬರೆಯಲಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಕಿರಿಕಿರಿ. ಜನ ನಮ್ಮನ್ನು ಕರೆಯುವುದು ಮುಂಗಡ ಕೊಟ್ಟ ಮೇಲೆ. ಹತ್ತರಲ್ಲಿ ಏಳು ಜನ ಹೀಗೆಯೇ. ಮನೆ ಮನಸ್ಸಿಗೆ ಬಂದಿರುತ್ತದೆ, ಹೆಂಡತಿಗೆ ಅಡುಗೆಮನೆ ಹಿಡಿಸಿರುತ್ತದೆ, ಕರಾರುಪತ್ರ ಆಗಿರುತ್ತದೆ. ಆಮೇಲೆ ಯಾರೋ ಹೇಳಿದರು ಎಂದು ನಮಗೆ ಫೋನ್. ಅವರಿಗೆ ತಪಾಸಣೆ ಬೇಕಿಲ್ಲ, ಧೈರ್ಯ ಬೇಕು.

ನಾಲ್ಕು ವರ್ಷದ ಹಿಂದೆ ಕಾರವಾರದ ಒಂದು ಫ್ಲಾಟ್ ನೋಡಿದೆ. ಗಿರಾಕಿ ದುಬೈನಲ್ಲಿದ್ದರು. 48 ಲಕ್ಷಕ್ಕೆ ಮಾತಾಗಿ, 5 ಲಕ್ಷ ಕೊಟ್ಟಾಗಿತ್ತು. ಹಿಂದಿನ ಬಾಲ್ಕನಿಯ ಅಡಿಗೆ ಹೊಸ ಬಣ್ಣ. ಏಣಿ ಹಾಕಿ ತಟ್ಟಿದರೆ ಮೂರು ಅಡಿ ಉದ್ದಕ್ಕೂ ಪೊಳ್ಳು. ವಿಡಿಯೋ ಕಾಲ್‌ನಲ್ಲಿ ಸುತ್ತಿಗೆಯ ಸದ್ದು ಕೇಳಿಸಿದೆ. "ಅಂದ್ರೆ ದೊಡ್ಡ ತೊಂದರೆ ಇಲ್ಲ ಅಲ್ವಾ?" ಎಂದರು. ಇದೆ, ಸರಳಿಗೆ ತುಕ್ಕು ಹಿಡಿದಿರುವ ಹಾಗಿದೆ ಎಂದೆ. "ರಿಪೇರಿ ಆಗುವಂಥದ್ದೇ ಅಲ್ವಾ?" ಹೌದು, ಆದರೆ ಖರ್ಚಿದೆ ಎಂದೆ. "ಹಾಗಾದ್ರೆ ಸರಿ." ಇಪ್ಪತ್ತಾರು ಪುಟದ ವರದಿ ಕಳಿಸಿದೆ. ಬಾಲ್ಕನಿಯ ವಿಷಯ ಹದಿನೇಳನೇ ಪುಟದಲ್ಲಿತ್ತು. ಎರಡನೇ ಮಳೆಗಾಲದಲ್ಲಿ ಆ ಪ್ಲಾಸ್ಟರ್ ದೊಡ್ಡ ಹೆಂಟೆಯಾಗಿ ಕೆಳಗಿನ ಸ್ಕೂಟರ್ ಮೇಲೆ ಬಿತ್ತು. ಪುಣ್ಯಕ್ಕೆ ಜನ ಇರಲಿಲ್ಲ. ಅವರು ಫೋನ್ ಮಾಡಿದರು. ಬೈಯಲಿಲ್ಲ. "ನೀವು ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಿತ್ತು" ಎಂದರು.

ಬೈದಿದ್ದರೆ ಮರೆಯುತ್ತಿದ್ದೆ. ಅಂದಿನಿಂದ ವರದಿಯ ಮೊದಲ ಪುಟದಲ್ಲಿ ಮೂರೇ ಸಾಲು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಏನು ಹಾಳಾಗಿದೆ, ಯಾವಾಗ ಸರಿ ಮಾಡಬೇಕು, ಸುಮಾರು ಎಷ್ಟು ಖರ್ಚು. ಉಳಿದ ಇಪ್ಪತ್ತೈದು ಪುಟ ವಕೀಲರಿಗೆ.

ಬ್ರೋಕರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮಿಂದ ವ್ಯವಹಾರ ಮುರಿಯುತ್ತದೆ ಎಂದು ಅವರಿಗೆ ಸಿಟ್ಟು. ಊರು ಚಿಕ್ಕದು, ಅದೇ ಮುಖ ಮದುವೆಮನೆಯ ಊಟದ ಪಂಕ್ತಿಯಲ್ಲೂ ಎದುರಿಗೆ ಬರುತ್ತದೆ. ಒಬ್ಬರು ನನಗೆ ಕಮಿಷನ್ ಕೊಡಲು ಬಂದರು, "ನಮ್ಮ ಮನೆಗಳಿಗೆ ಸ್ವಲ್ಪ ಮೆತ್ತಗೆ ಬರೆಯಿರಿ" ಎಂದರು. ಒಮ್ಮೆ ತೆಗೆದುಕೊಂಡರೆ ಮುಗಿಯಿತು, ಆಮೇಲೆ ನಿಮ್ಮ ವರದಿ ಯಾರಿಗೆ ಬೇಕು?

ಬ್ರೋಕರ್‌ಗಿಂತ ಕಷ್ಟ ಒಳ್ಳೆಯವರದ್ದು. ಹೊನ್ನಾವರದ ಹತ್ತಿರ ಒಂದು ಹಳೆಯ ಮನೆ. ಮಗ ಬೆಂಗಳೂರಿನಿಂದಲೇ ಮಾರಾಟಕ್ಕೆ ಇಟ್ಟಿದ್ದ. ಮನೆಯಲ್ಲಿ ಎಂಬತ್ತು ದಾಟಿದ ಆಯಿ ಒಬ್ಬರೇ. ನಾನು ಚೀಲ ಇಳಿಸುವ ಮೊದಲೇ "ಆಸ್ರಿಗೆ ಎಂತ ಬೇಕು ತಮಾ?" ಎಂದರು. ಮುರುಗಲ ಹಣ್ಣಿನ ಪಾನಕ ಕೊಟ್ಟರು. ನಾನು ಹೋದಲ್ಲೆಲ್ಲ ಹಿಂದೆಯೇ ಬಂದರು. ಈ ಕಂಬ ಅವರ ಯಜಮಾನರು ತರಿಸಿದ್ದು, ಈ ಬಾಗಿಲು ಅವರ ಮದುವೆಯ ವರ್ಷದ್ದು. ಅದೇ ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದೆ. ಬೆಣ್ಣೆಗೆ ಹೋದ ಹಾಗೆ ಹಿಡಿಯವರೆಗೆ ಹೋಯಿತು. ಹೊರಗೆ ಬಣ್ಣ, ಒಳಗೆ ಪೂರ್ತಿ ಒರಲೆ. ಆಯಿ ನೋಡುತ್ತಿದ್ದರು. "ಮನೆ ಚೊಲೋ ಇದ್ದು ಅಲ್ದಾ ತಮಾ?" ಎಂದರು. "ಹೌದು ಆಯಿ, ಚೊಲೋ ಇದ್ದು" ಎಂದೆ. ಸಂಜೆ ವರದಿಯಲ್ಲಿ ಇದ್ದದ್ದನ್ನೇ ಬರೆದೆ. ಕೊಳ್ಳುವವರು ಅದನ್ನು ತೋರಿಸಿ ಮೂರು ಲಕ್ಷ ಇಳಿಸಿದರು. ನನಗೆ ದುಡ್ಡು ಕೊಟ್ಟಿದ್ದು ಕೊಳ್ಳುವವರು, ಹಾಗಾಗಿ ತಪ್ಪು ಮಾಡಿಲ್ಲ. ಆದರೂ ಆ ದಾರಿಯಲ್ಲಿ ಹೋಗುವಾಗ ಆ ಮನೆಯ ಕಡೆ ತಲೆ ತಿರುಗಿಸುವುದಿಲ್ಲ.

ಇನ್ನು ಜೂನ್ ತಿಂಗಳ ಫೋನ್. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಮನೆ ಮಾರುವುದು ಮಾತ್ರ ಡಿಸೆಂಬರ್‌ನಿಂದ ಏಪ್ರಿಲ್. ಬಿಸಿಲಿನಲ್ಲಿ ಎಲ್ಲ ಮನೆಯೂ ಒಳ್ಳೆಯದೇ. ಆರ್ದ್ರೆ ಮಳೆ ಹಿಡಿದ ಕೂಡಲೇ ನನ್ನ ಫೋನ್ ಹೊಡೆದುಕೊಳ್ಳುತ್ತದೆ. "ನೀವು ನೋಡಿ ಹೋದ ಮನೆ ಸೋರುತ್ತಿದೆ." ಮಾರ್ಚ್‌ನಲ್ಲಿ ನೋಡಿದ್ದು, ಒಣ ಗೋಡೆ, ಹೊಸ ಬಣ್ಣ. ಈಗ ವರದಿಯಲ್ಲೇ ಬರೆಯುತ್ತೇನೆ: ಮಳೆಯಲ್ಲಿ ನೋಡಿಲ್ಲ, ಜುಲೈನಲ್ಲಿ ಒಮ್ಮೆ ಕರೆಯಿರಿ, ಅದಕ್ಕೆ ಬೇರೆ ದುಡ್ಡಿಲ್ಲ. ಕರೆಯುವವರು ಕಡಿಮೆ. ಹೊಸ ಅಪಾರ್ಟ್‌ಮೆಂಟ್ ಆದರೆ ಒಂದು ಆಧಾರ ಇದೆ. ರಿಯಲ್ ಎಸ್ಟೇಟ್‌ಗೆ ಇರುವ ರೇರಾ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ದುಡ್ಡು ಕೇಳದೆ ಸರಿ ಮಾಡಿಕೊಡಬೇಕು. ಗಿರಾಕಿಗಳಿಗೆ ಇದನ್ನು ಹೇಳಿ, ಸುಮಾರು ಜನರಿಗೆ ಗೊತ್ತೇ ಇಲ್ಲ.

2024ರ ಜುಲೈ 16ರಂದು ನಿಮ್ಮದೇ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಮೇಲೆ ಹೊಸ ಪ್ರಶ್ನೆ ಶುರುವಾಗಿದೆ. "ಮನೆ ಹಿಂದೆ ಗುಡ್ಡ ಇದೆ, ತೊಂದರೆ ಇಲ್ಲ ಅಲ್ವಾ?" ಧರೆಯನ್ನು, ಅಂದರೆ ಗುಡ್ಡದ ಮಣ್ಣಿನ ಅಂಚನ್ನು, ನೆಟ್ಟಗೆ ಕಡಿದಿದ್ದಾರಾ, ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಇದೆಯಾ, ಮೇಲಿನ ಮರ ವಾಲಿದೆಯಾ, ಇಷ್ಟು ನೋಡುತ್ತೇನೆ. ಗುಡ್ಡ ನಿಲ್ಲುತ್ತದೆ ಎಂದು ಮಾತ್ರ ಬರೆದುಕೊಡುವುದಿಲ್ಲ. ಭೂವಿಜ್ಞಾನದವರನ್ನು ಕರೆಸಿ ಎನ್ನುತ್ತೇನೆ. ನೀವೂ ಗೊತ್ತಿಲ್ಲದ್ದಕ್ಕೆ ಸಹಿ ಹಾಕಬೇಡಿ.

ದುಡ್ಡಿನ ವಿಷಯ. ನಾನು ಮನೆ ನೋಡಿ 5,000ದಿಂದ 8,000 ರೂಪಾಯಿ ತೆಗೆದುಕೊಳ್ಳುತ್ತೇನೆ, ಘಟ್ಟ ಹತ್ತಿದರೆ ಪೆಟ್ರೋಲ್ ಬೇರೆ. ಅರವತ್ತು ಲಕ್ಷದ ಮನೆಗೆ ಚೌಕಾಸಿ ಮಾಡದವರು ನನ್ನ ಹತ್ತಿರ ಐನೂರಕ್ಕೆ ಎಳೆದಾಡುತ್ತಾರೆ. ನೆಂಟರದ್ದು ಪುಕ್ಕಟೆ, ನೆಂಟರ ನೆಂಟರದ್ದೂ. ವರದಿ ಕೈಗೆ ಕೊಟ್ಟ ಮೇಲೆ ದುಡ್ಡು ಕೇಳಿದರೆ ಬರುವುದಿಲ್ಲ, ಮೊದಲೇ ಅರ್ಧ ತೆಗೆದುಕೊಳ್ಳಿ. ಒಳ್ಳೆಯ ತಿಂಗಳಲ್ಲಿ ಹನ್ನೆರಡು ಮನೆ ಸಿಗುತ್ತವೆ. ಆಗಸ್ಟ್‌ನಲ್ಲಿ ಎರಡು ಸಿಕ್ಕರೆ ಹೆಚ್ಚು. ಆಗ ಹಳೆ ಮನೆಗಳ ಸೋರಿಕೆ ಹುಡುಕಿಕೊಡುವ ಕೆಲಸ ಮಾಡುತ್ತೇನೆ, ಸಂಸಾರ ನಡೆಯುವುದು ಅದರಲ್ಲೇ. ಹಾಗಾಗಿ ಈಗಿನ ಕೆಲಸ ಒಮ್ಮೆಲೇ ಬಿಡಬೇಡಿ. ಒಂದು ವರ್ಷ ರವಿವಾರ ರವಿವಾರ ಮಾಡಿ ನೋಡಿ.

ನಾನೀಗ ಫೋನ್ ಎತ್ತಿದ ಕೂಡಲೇ ಕೇಳುವುದು "ಮುಂಗಡ ಕೊಟ್ಟಾಯಿತಾ?" ಕೊಟ್ಟಿಲ್ಲ ಎಂದರೆ ಅವತ್ತೇ ಹೊರಡುತ್ತೇನೆ. ಕೊಟ್ಟಿದ್ದೇವೆ ಎಂದರೂ ಹೋಗುತ್ತೇನೆ, ಬೈಕಿನ ಕಂತು ಕಟ್ಟಬೇಕಲ್ಲ. ಬೇಕಾದರೆ ಜುಲೈನಲ್ಲಿ ಬನ್ನಿ, ಎರಡು ದಿನ ಜೊತೆಗೆ ತಿರುಗಿ. ರೇನ್‌ಕೋಟ್ ತನ್ನಿ, ಅಟ್ಟ ಹತ್ತಲು ಒಂದು ಜೊತೆ ಹಳೆ ಬಟ್ಟೆಯೂ ಇರಲಿ. ಗೋಲಿ ನನ್ನ ಹತ್ತಿರ ಇದೆ.