ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ನಂತರವೂ ನಿಲ್ಲದ ಪಕ್ಕೆಯ ಉರಿಗೆ ಮದ್ದಿದೆಯೇ?

ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ಗಾಯ ಮಾಗಿದೆ, ಸ್ಕ್ಯಾನ್ ಸರಿಯಾಗಿದೆ, ಆದರೂ ತಂದೆಯವರಿಗೆ ಪಕ್ಕೆಯಲ್ಲಿ ಉರಿ ಹೋಗಿಲ್ಲ ಎಂದು ಕಾರವಾರದಿಂದ ಕೇಳಿದ್ದೀರಿ. ಮದ್ದಿದೆ. ಆದರೆ ಅದು ಅವರು ಈಗ ನುಂಗುತ್ತಿರುವ ನೋವಿನ ಮಾತ್ರೆಯಲ್ಲ.

ನಾನು ಶಿರಸಿಯವನು, ನನಗೂ ಅದೇ ಶಸ್ತ್ರಚಿಕಿತ್ಸೆಯಾಗಿದೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಹಾದುಹೋಗುತ್ತದೆ. ಎದೆ ತೆರೆಯಲು ಪಕ್ಕೆಲುಬುಗಳನ್ನು ಅಗಲಿಸುವಾಗ ಅದು ಜಜ್ಜಿಹೋಗಬಹುದು. ನನಗೆ ಬನಿಯನ್ನಿನ ಹೊಲಿಗೆ ತಾಗಿದರೆ ಸಾಕು, ಕವಳಕ್ಕೆ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಂತೆ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಅಂಗೈ ಅಗಲದ ಜಾಗ ಚಿವುಟಿದರೂ ತಿಳಿಯದಷ್ಟು ಮರಗಟ್ಟಿತ್ತು. ಬನಿಯನ್ನನ್ನು ಒಳಹೊರಗು ಮಾಡಿ ತೊಡುತ್ತಿದ್ದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಯ ಕಡೆ ಕೂರುತ್ತಲೇ ಇರಲಿಲ್ಲ.

ನರ ಜಜ್ಜಿ ಬರುವ ಇಂಥ ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಲದು. ಪ್ರಿಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಇವುಗಳಲ್ಲಿ ಒಂದನ್ನು ವೈದ್ಯರು ಆರಿಸುತ್ತಾರೆ. ಮೊದಲಿನ ಎರಡರಲ್ಲಿ ಒಂದನ್ನು ಕೇಳಿದಾಗ ಔಷಧಿ ಅಂಗಡಿಯವರು 'ಇದು ಫಿಟ್ಸ್ ಮಾತ್ರೆಯಲ್ಲವೇ?' ಎಂದರೆ ಗಾಬರಿಯಾಗಬೇಡಿ. ನರನೋವಿಗೂ ಅದೇ ಮಾತ್ರೆ. ನನಗೆ ರಾತ್ರಿಗೆ 75 ಮಿಲಿಗ್ರಾಂ ಪ್ರಿಗಾಬಲಿನ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ಗುಣ ಕಾಣಲು ವಾರಗಳೇ ಬೇಕಾದವು, ತಲೆ ಮಂಕಾದದ್ದು ಮಾತ್ರ ಮರುದಿನವೇ! ವಯಸ್ಸಾದವರಿಗೆ ತಲೆತಿರುಗು ಬರಬಹುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದರೆ ಮೊದಲೇ ಹೇಳಿ. ನೋವು ತಗ್ಗಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲೂಬಾರದು.

ಮಾತ್ರೆ ಸಾಲದಿದ್ದರೆ ಚರ್ಮಕ್ಕೆ ಅಂಟಿಸಿ ನೋವು ತಗ್ಗಿಸುವ ಲಿಡೋಕೇನ್ ಪಟ್ಟಿಯಿದೆ, ಪಕ್ಕೆಲುಬಿನ ನರಕ್ಕೆ ಅರಿವಳಿಕೆ ಚುಚ್ಚುಮದ್ದಿದೆ. ಇದನ್ನು ಮಾಡುವವರು ಹೆಚ್ಚಾಗಿ ಅರಿವಳಿಕೆ ತಜ್ಞರು ಎಂಬುದು ನಮ್ಮ ಕಡೆ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮೂರಿನ ವೈದ್ಯಕೀಯ ಕಾಲೇಜಿನ ಅರಿವಳಿಕೆ ವಿಭಾಗದಲ್ಲಿ ಮೊದಲು ವಿಚಾರಿಸಿ. ಆಗದಿದ್ದರೆ ಹುಬ್ಬಳ್ಳಿ, ಮಣಿಪಾಲ ಇದ್ದೇ ಇವೆ. ಆಸ್ಪತ್ರೆಯಿಂದ ಕೊಟ್ಟ ಬಿಡುಗಡೆಯ ಸಾರಾಂಶ (ಡಿಸ್ಚಾರ್ಜ್ ಸಮ್ಮರಿ) ಕೈಯಲ್ಲಿರಲಿ.

ಎಣ್ಣೆ, ಲೇಪಗಳ ಸಲಹೆ ಊರೆಲ್ಲ ಕೊಡುತ್ತದೆ. ಮರಗಟ್ಟಿದ ಜಾಗಕ್ಕೆ ಬಿಸಿ ನೀರಿನ ಚೀಲವನ್ನಂತೂ ಇಡಬೇಡಿ, ಚರ್ಮ ಸುಟ್ಟರೂ ತಿಳಿಯದು. ನೋವಿಗೆ ಹೆದರಿ ತೋಳು ಎತ್ತದಿದ್ದರೆ ಭುಜವೂ ಹಿಡಿದುಕೊಳ್ಳುತ್ತದೆ, ಹಾಗಾಗಿ ಫಿಸಿಯೋಥೆರಪಿ ಬಿಡಬೇಡಿ.

ಹೊಸದಾಗಿ ಉಸಿರು ಕಟ್ಟಿದರೆ, ಎದೆ ಬಿಗಿದರೆ, ಗಾಯದಿಂದ ಕೀವು ಬಂದರೆ ಅಥವಾ ಜ್ವರ ಕಾಣಿಸಿದರೆ ಅದನ್ನು ನರನೋವಿನ ಲೆಕ್ಕಕ್ಕೆ ಸೇರಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.